ಹಳೆಮರದ ಕೆತ್ತನೆ ಬಿರಿದರೆ, ಬೆಳ್ಳಗಾದರೆ, ಹುಡಿ ಉದುರಿದರೆ: ಮುಂಬಯಿ, ಪುಣೆ, ಗೋವಾದ ಹವೆಗೆ ದೋಷ ನಿವಾರಣೆ ಕೈಪಿಡಿ

ಮುಂಬಯಿಯ ಗಿರಗಾಂವ್, ಲಾಲ್‌ಬಾಗ್ ಕಡೆಯ ಚಾಳು (ಸಾಲುಕೋಣೆಗಳ ಹಳೆ ವಸತಿ ಕಟ್ಟಡ) ಕೆಡವಿದಾಗ ಸಿಗುವ ಬರ್ಮಾ ತೇಗದ ತೊಲೆ, ಪುಣೆಯ ಪೇಠೆಗಳ ವಾಡೆಯಿಂದ (ಹಳೆ ಅಂಗಳದ ಮನೆ) ಬಂದ ಕಂಬ, ಗೋವಾದ ಹಳೆ ಮನೆಯ ಹಲಸಿನ ಬಾಗಿಲು, ಮತ್ತಿಯ ಜಂತಿ. ಬೇರಿನಂತೆ, ಅಲೆಯಂತೆ, ನದಿಯ ಕಲ್ಲಿನಂತೆ ಬಳುಕುವ ಆಕಾರಗಳನ್ನು ಕೆತ್ತುವವರಿಗೆ ಇದಕ್ಕಿಂತ ಒಳ್ಳೆಯ ಮರ ಸಿಗುವುದು ಕಷ್ಟ. ಆದರೆ ಕೊಳ್ಳುವಾಗ ಎಲ್ಲರೂ ಹೇಳಿಕೊಳ್ಳುವ ಸಮಾಧಾನ ಒಂದಿದೆ: "ಎಂಬತ್ತು ವರ್ಷ ಒಣಗಿದ ಮರ, ಇನ್ನೇನು ಅಲುಗಾಡೀತು?" ಮುಂದೆ ಕಾಣಿಸಿಕೊಳ್ಳುವ ದೋಷಗಳಲ್ಲಿ ಬಹುಪಾಲು ಈ ನಂಬಿಕೆಯಿಂದಲೇ ಶುರುವಾಗುತ್ತವೆ. ಎಷ್ಟೇ ಹಳೆಯದಾದರೂ ಮರ ಗಾಳಿಯಿಂದ ನೀರು ಹೀರುತ್ತದೆ, ಬಿಡುತ್ತದೆ. ಮೇಲಾಗಿ, ಕಟ್ಟಡ ಬಿದ್ದ ಮೇಲೆ ಅದು ಗುಜರಿಯ ಅಂಗಳದಲ್ಲಿ ಒಂದು ಇಡೀ ಮಳೆಗಾಲ ನೆನೆದಿರಬಹುದು. ಅದನ್ನು ಅಂಗಡಿಯವನು ಹೇಳುವುದಿಲ್ಲ.

ಆದ್ದರಿಂದ ಯಾವ ದೋಷ ಕಂಡರೂ ಮೊದಲ ಪ್ರಶ್ನೆ ನೀರಿನದು. ಬೇಕಾಗುವ ಸಾಮಾನು ಕಡಿಮೆ: ಗಾಳಿಯ ತೇವ ತೋರಿಸುವ ಪುಟ್ಟ ಮೀಟರು, ಅಡುಗೆಮನೆಯ ಡಿಜಿಟಲ್ ತಕ್ಕಡಿ (ದೊಡ್ಡ ತುಂಡಿಗೆ ಪ್ರಯಾಣದ ಬ್ಯಾಗು ತೂಗುವ ಕೊಕ್ಕೆ ತಕ್ಕಡಿ), ಬಲವಾದ ಅಯಸ್ಕಾಂತ, ಕಪ್ಪು ಕಾಗದ, ಚೂಪಾದ ಸ್ಕ್ರೂಡ್ರೈವರ್, ಟಾರ್ಚ್. ಇನ್ನೊಂದು ಅಭ್ಯಾಸ ಬಿಡಬೇಡಿ: ಪ್ರತಿ ತೊಲೆಯಿಂದ ಕತ್ತರಿಸಿದ ಒಂದು ತುಣುಕಿಗೆ ದಿನಾಂಕ ಬರೆದು ತೆಗೆದಿಡಿ. ದೋಷ ಹುಡುಕುವಾಗ ಮುಗಿದ ಕೃತಿಯನ್ನು ಕೊಯ್ಯಲಾಗದು, ತುಣುಕನ್ನು ಕೊಯ್ಯಬಹುದು.

ಬಿರುಕು ಬಂದಿದೆ

ಮೊದಲು ಕ್ಯಾಲೆಂಡರ್ ನೋಡಿ. ಮುಂಬಯಿಯ ಆಗಸ್ಟಿನಲ್ಲಿ ಕೆತ್ತಿದ್ದು ಎ.ಸಿ. ಕೋಣೆಗೆ ಹೋಗಿ ತಿಂಗಳೊಳಗೆ ಬಿರಿಯಿತೇ? ಅಥವಾ ಕರಾವಳಿಯಿಂದ ಪುಣೆಗೆ ಬಂದು ಮಾರ್ಚ್–ಮೇ ನಡುವೆ ಬಿರಿಯಿತೇ? ಹಾಗಾದರೆ ಅರ್ಧ ಉತ್ತರ ಸಿಕ್ಕಿತು. ಗಾಳಿಯ ತೇವ ಶೇ. 85 ಇರುವಲ್ಲಿ ಬಹಳ ದಿನ ಇದ್ದ ಮರದೊಳಗೆ ಸುಮಾರು ಶೇ. 18 ನೀರು ನಿಲ್ಲುತ್ತದೆ, ಶೇ. 50ರಲ್ಲಿ ಸುಮಾರು 9, ಶೇ. 30ರಲ್ಲಿ 6ರ ಆಸುಪಾಸು. ಪುಣೆಯ ಏಪ್ರಿಲ್ ಮಧ್ಯಾಹ್ನ 30ಕ್ಕಿಂತ ಕೆಳಗಿಳಿಯುವುದು ಮಾಮೂಲು. ತೇಗ ಕಡಿಮೆ ಕುಗ್ಗುವ ಜಾತಿ ಎಂದೇ ಹೆಸರಾದದ್ದು. ಆದರೂ 300 ಮಿ.ಮೀ. ಅಗಲದ ಹಲಗೆ ಶೇ. 17ರಿಂದ 9ಕ್ಕೆ ಒಣಗಿದರೆ, ತೊಲೆಯಿಂದ ಅದನ್ನು ಯಾವ ದಿಕ್ಕಿಗೆ ಸೀಳಿದ್ದಾರೆ ಎಂಬುದರ ಮೇಲೆ 2ರಿಂದ 5 ಮಿ.ಮೀ. ಕುಗ್ಗುತ್ತದೆ. ಈ ಕುಗ್ಗುವಿಕೆಗೆ ಎಲ್ಲೋ ಜಾಗ ಸಿಗಲೇಬೇಕು.

ಎರಡನೆಯದು, ಬಿರುಕು ಜೀವಂತವೋ ಹಳೆಯದೋ ತಿಳಿಯುವುದು. ಬಿರುಕಿನ ಎರಡೂ ಕೊನೆಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಹಾಕಿ ದಿನಾಂಕ ಬರೆಯಿರಿ. ವಿಸಿಟಿಂಗ್ ಕಾರ್ಡು ಒಳಗೆ ಎಷ್ಟು ಆಳ ಇಳಿಯುತ್ತದೆ ಎಂದು ಗುರುತು ಮಾಡಿಕೊಳ್ಳಿ. ಮೂರು ವಾರ ಕಾಯಿರಿ. ಒಳಗೋಡೆ ಬೂದು ಬಣ್ಣವಾಗಿ ಕೊಳೆ ತುಂಬಿಕೊಂಡಿದ್ದರೆ ಅದು ತೊಲೆಯ ಕಾಲದ್ದೇ ಬಿರುಕು. ತಿಳಿ ಬಣ್ಣದ ಹೊಸ ಮರ ಕಂಡರೆ ಈಗಿನದು.

ಮೂರನೆಯದು ದಿಕ್ಕು. ಕೊಯ್ದ ತುದಿಯಿಂದ ಮರದ ಎಳೆಯ (ನಾರಿನ) ಜೊತೆಗೆ ಒಳಗೆ ಓಡುವ ಬಿರುಕು ಒಣಗುವಿಕೆಯದು. ಹಳೆ ಮೊಳೆಯ ತೂತಿನಿಂದ ಹೊರಟದ್ದು, ಒಳಗೆ ತುಕ್ಕು ಹಿಡಿದು ಉಬ್ಬಿದ ಕಬ್ಬಿಣ ಬೆಣೆಯಂತೆ ಸೀಳಿದ್ದು. ಅಯಸ್ಕಾಂತ ಹಿಡಿದು ನೋಡಿ. ಆದರೆ ಕುತ್ತಿಗೆಯಂಥ ಸಣ್ಣ ಭಾಗ ಅಡ್ಡಕ್ಕೆ ಕಡಿದುಕೊಂಡಿದ್ದರೆ ನೀರನ್ನು ಬೈಯಬೇಡಿ. ಅಲ್ಲಿ ಎಳೆ ಆಕಾರದ ಉದ್ದಕ್ಕೆ ಹರಿಯದೆ ಅಡ್ಡ ಬಿದ್ದಿದೆ. ಬಳುಕು ಕೆತ್ತನೆಯಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದೇ: ಕಣ್ಣಿಗೆ ಚೆಂದ ಕಾಣುವ ತಿರುವು ಎಳೆಯ ಲೆಕ್ಕದಲ್ಲಿ ಬಿಸ್ಕತ್ತಿನ ತುಂಡು. ಬರಿ ಅಂಟು ಅಲ್ಲಿ ನಿಲ್ಲದು. ಎರಡೂ ಕಡೆ 40 ಮಿ.ಮೀ. ಆಳಕ್ಕೆ ತೂತು ಕೊರೆದು, 8 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಸರಳನ್ನು ಒರಟಾಗಿ ಉಜ್ಜಿ ಎಪಾಕ್ಸಿಯಲ್ಲಿ (ಎರಡು ಭಾಗ ಕಲಸಿ ಗಟ್ಟಿಯಾಗುವ ಅಂಟು) ಕೂರಿಸಬೇಕು.

ಒಣಗುವಿಕೆಯ ಬಿರುಕಾದರೆ ತಕ್ಕಡಿ ತನ್ನಿ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ತೂಗಿ. ಐದು ಕಿಲೋದ ತುಂಡು ಶೇ. 17ರಿಂದ 9ಕ್ಕೆ ಬರುವಷ್ಟರಲ್ಲಿ ಸುಮಾರು 340 ಗ್ರಾಂ ಕಳೆದುಕೊಳ್ಳುತ್ತದೆ. ವಾರದ ವ್ಯತ್ಯಾಸ 25 ಗ್ರಾಂಗಿಂತ ಕಡಿಮೆಯಾದರೆ ಮರ ಆ ಕೋಣೆಗೆ ಒಗ್ಗಿದೆ ಎಂದು ಲೆಕ್ಕ. ಖಚಿತ ಅಂಕಿ ಬೇಕಿದ್ದರೆ ತೆಗೆದಿಟ್ಟ ತುಣುಕಿನ ಒಳಭಾಗದಿಂದ ಒಂದು ಇಂಚಿನ ಚೂರು ಕೊಯ್ದು ತೂಗಿ, 103 ಡಿಗ್ರಿ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. 52 ಗ್ರಾಂ ಇದ್ದದ್ದು 44ಕ್ಕೆ ಬಂದರೆ ಹೋದ 8 ಗ್ರಾಂ ನೀರನ್ನು ಒಣತೂಕ 44ರಿಂದ ಭಾಗಿಸಿ: ಶೇ. 18. ಎರಡು ಸೂಜಿಯ ತೇವಮಾಪಕ ಇದ್ದರೂ ಸರಿ, ಆದರೆ ಅದು ಮೇಲ್ಪದರವನ್ನಷ್ಟೇ ಓದುತ್ತದೆ; ಒಳಗೆ ಉಪ್ಪೋ ಮೊಳೆಯೋ ಇದ್ದರೆ ಸುಳ್ಳು ಹೇಳುತ್ತದೆ.

ಪರಿಹಾರದಲ್ಲಿ ಅವಸರ ಬೇಡ. ಎ.ಸಿ. ಗಾಳಿ ನೇರ ಬೀಳುವ ಜಾಗದಿಂದ ಸರಿಸಿ. ಒಣಗುವುದು ನಿಧಾನವಾಗಲೆಂದು ನಾಲ್ಕಾರು ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೊಯ್ದ ತುದಿಗಳಿಗೆ ಕರಗಿಸಿದ ಮೇಣ ಬಳಿಯಿರಿ. ಬಾಯಿ ತೆರೆದ ಬಿರುಕಿಗೆ ಒಣ ಬೇಸಿಗೆಯಲ್ಲಿ ಪುಟ್ಟಿಯನ್ನೋ ಗಟ್ಟಿ ಎಪಾಕ್ಸಿಯನ್ನೋ ತುಂಬುವುದು ನೋಡಲು ಸರಿ, ಆದರೆ ಜೂನ್ ಬಂದು ಮರ ಉಬ್ಬಿದಾಗ ಬಿರುಕಿಗೆ ಮುಚ್ಚಿಕೊಳ್ಳಲು ಜಾಗವೇ ಇರುವುದಿಲ್ಲ. ಪಕ್ಕದಲ್ಲೇ ಇನ್ನೊಂದು ಸೀಳುತ್ತದೆ. ತೂಕ ನಿಂತ ಮೇಲೆ ಬಿರುಕಿಗೆ ಅಡ್ಡಲಾಗಿ ಚಿಟ್ಟೆಯಾಕಾರದ ಕೀಲು ಕೂರಿಸುವುದು ಒಳ್ಳೆಯದು: 40 ಮಿ.ಮೀ. ದಪ್ಪದ ಹಲಗೆಗೆ 60 ಮಿ.ಮೀ. ಉದ್ದ, 12–15 ಮಿ.ಮೀ. ಆಳ, ಕೀಲಿನ ಎಳೆ ಬಿರುಕನ್ನು ದಾಟುವ ದಿಕ್ಕಿಗೆ. ಎಷ್ಟೋ ಬಾರಿ ಬಿರುಕನ್ನು ಹಾಗೆಯೇ ಬಿಟ್ಟು ಅಂಚು ನಯ ಮಾಡುವುದೇ ಚೆಂದ.

ಮುಂದಿನ ತುಂಡಿಗೆ ಇದು ಬರದಿರಲು: ಎಲ್ಲ ಕಡೆ 10–12 ಮಿ.ಮೀ. ಹೆಚ್ಚು ಬಿಟ್ಟು ಒರಟು ಆಕಾರ ತೆಗೆಯಿರಿ, ಮೂರು-ನಾಲ್ಕು ವಾರ ತೂಗುತ್ತ ಇಡಿ, ಆಮೇಲೆ ಕೊನೆಯ ಗೆರೆಗೆ ಇಳಿಯಿರಿ. ಒಂದೇ ತುಂಡಿನಲ್ಲಿ 12 ಮಿ.ಮೀ. ಅಂಚೂ 80 ಮಿ.ಮೀ. ಹೊಟ್ಟೆಯೂ ಇದ್ದರೆ ತೆಳು ಭಾಗ ಮೊದಲು ಒಣಗಿ ಜಗ್ಗುತ್ತದೆ. ಕಾಣದ ಬೆನ್ನಿನಿಂದ ಹೊಟ್ಟೆಯನ್ನು ಟೊಳ್ಳು ಮಾಡಿದರೆ ಈ ಜಗಳ ಅರ್ಧ ಮುಗಿಯುತ್ತದೆ.

ಕೆಳಗೆ ಹುಡಿ ಬೀಳುತ್ತಿದೆ

ಗಾಬರಿಯಾಗುವ ಮೊದಲು ಕೆಳಗೆ ಕಪ್ಪು ಕಾಗದ ಹಾಸಿ, ತೂತುಗಳ ಮೇಲೆ ತೆಳು ಕಾಗದ ಅಂಟಿಸಿ. ಮುಟ್ಟದೆ ಎರಡು ವಾರ ಬಿಡಿ. ಯಂತ್ರದಲ್ಲಿ ಉಜ್ಜಿದಾಗ ಹಳೆ ತೂತಿನೊಳಗಿನ ಸತ್ತ ಹುಡಿ ಅಲುಗಿ ಉದುರುತ್ತದೆ. ಕಾಗದ ತೂತಾಗದೆ, ಹೊಸ ಹುಡಿ ಬೀಳದೆ ಇದ್ದರೆ ಅದು ಎಂದೋ ಮುಗಿದ ಕಥೆ ಇರಬಹುದು; ಒಂದು ಬೇಸಿಗೆ ಕಣ್ಣಿಟ್ಟಿರಿ.

ಹೊಸ ಹುಡಿ ಬಿದ್ದರೆ ಬೆರಳಲ್ಲಿ ಉಜ್ಜಿ ನೋಡಿ. ಮೈದಾದಷ್ಟು ನಯವಾಗಿ, ತೂತು 1–2 ಮಿ.ಮೀ. ಇದ್ದರೆ ಮರ ಕೊರೆಯುವ ಪುಟ್ಟ ದುಂಬಿ. ಅಂಗಡಿಗಳಲ್ಲಿ "ಕೀಡ್" ಎನ್ನುವುದು ಸಾಮಾನ್ಯವಾಗಿ ಇದನ್ನೇ. ಅದಕ್ಕೆ ಬೇಕಾದದ್ದು ಹೊರಗಿನ ಬಿಳಿ ಮರದ ಪಿಷ್ಟ. ಚೇಗಿಗೆ, ಅಂದರೆ ಒಳಗಿನ ಗಟ್ಟಿ ಮರಕ್ಕೆ, ಅದು ಬಾಯಿ ಹಾಕುವುದಿಲ್ಲ. ಪಿಷ್ಟ ವರ್ಷಗಳಲ್ಲಿ ಕಳೆದುಹೋಗುವುದರಿಂದ ಎಂಬತ್ತು ವರ್ಷದ ತೇಗದಲ್ಲಿ ಇದು ಹೊಸದಾಗಿ ಹುಟ್ಟುವುದು ಅಪರೂಪ. ಹಾಗಾಗಿ ತೇಪೆ ಹಾಕಲು ತಂದ ಹೊಸ ಮಾವಿನ ಚೂರು, ಕೆಳಗಿಟ್ಟ ಪ್ಯಾಕಿಂಗ್ ಮರ, ಹಲಸಿನ ಬಿಳಿ ಅಂಚು ಇವನ್ನು ಮೊದಲು ಅನುಮಾನಿಸಿ.

ಹುಡಿಯಲ್ಲ, ಗಸಗಸೆಯಂಥ ಕಾಳು ಬೀಳುತ್ತಿದ್ದರೆ, ಮಸೂರದಲ್ಲಿ ನೋಡಿದಾಗ ಪ್ರತಿ ಕಾಳಿಗೂ ಆರು ಮುಖ ಕಂಡರೆ, ಅದು ಒಣಮರದ ಗೆದ್ದಲು. ಮಣ್ಣಿನ ಸಂಪರ್ಕ ಅದಕ್ಕೆ ಬೇಡ, ಕೃತಿಯೊಳಗೇ ಸಂಸಾರ. ಮಣ್ಣಿನ ಗೆರೆ ಕಂಡರೆ ಅದು ನೆಲದ ಗೆದ್ದಲು. ದೋಷ ಕೃತಿಯದಲ್ಲ, ಮನೆಯದು.

ಚಿಕಿತ್ಸೆಯಲ್ಲಿ ಅಗ್ಗದ್ದು ಶೀತ. ಸಣ್ಣ ತುಂಡನ್ನು ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಸುತ್ತಿದ್ದನ್ನು ಬಿಚ್ಚಬೇಡಿ, ಬೆವರುತ್ತದೆ. ಪಾಲಿಶ್ ಆಗದ ಬರಿಮರಕ್ಕೆ ಬೋರಾನ್: ಒಂದು ಲೀಟರ್ ಬಿಸಿ ನೀರಿಗೆ 60 ಗ್ರಾಂ ಬೋರಾಕ್ಸ್, 40 ಗ್ರಾಂ ಬೋರಿಕ್ ಆ್ಯಸಿಡ್, ಮೂರು ಬಾರಿ ಬಳಿದು ಪ್ರತಿ ಸಲ ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಮುಚ್ಚಿ ಒಂದು ರಾತ್ರಿ ಬಿಡಿ. ಮಳೆಗೆ ಇದು ತೊಳೆದು ಹೋಗುತ್ತದೆ. ಊಟದ ಬಟ್ಟಲಿಗೆ ಬೇಡವೇ ಬೇಡ. ಬಿಸಿ ಕೊಟ್ಟರೆ ಮರದ ನಡುಭಾಗ 56 ಡಿಗ್ರಿ ಮುಟ್ಟಿ ಅಲ್ಲಿ ಕನಿಷ್ಠ ಅರ್ಧ ಗಂಟೆ ನಿಲ್ಲಬೇಕು. ಮೇಲ್ಮೈ ಕೈಗೆ ಸುಟ್ಟರೆ ಸಾಲದು. ಅಂಟಿಸಿದ ತುಂಡಿಗೆ ಇದು ಅಪಾಯ.

ಸೀಮೆಎಣ್ಣೆ ಸುರಿಯುವುದು ಬೆಂಕಿಗೆ ಆಹ್ವಾನ, ಒಳಗಿನ ಹುಳುವಿಗೆ ತಲುಪುವುದೂ ಇಲ್ಲ. ಧಾನ್ಯದ ಗೋದಾಮಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮನೆಯಲ್ಲಿ, ಗಾಲಾದಲ್ಲಿ (ಕೆಲಸದ ಶೆಡ್ಡು) ಎಂದೂ ಇಡಬೇಡಿ. ಅದರ ಅನಿಲ ಗೋಡೆಯಾಚೆ ಮಲಗಿದವರನ್ನೂ ಕೊಲ್ಲುತ್ತದೆ. ಬಾಗಿಲ ಚೌಕಟ್ಟಿನಿಂದಲೂ ಕಾಳು ಉದುರುತ್ತಿದ್ದರೆ ಇಲ್ಲಿಗೆ ನಿಲ್ಲಿಸಿ, ಪರವಾನಗಿ ಇರುವ ಕೀಟನಿಯಂತ್ರಣದವರನ್ನು ಕರೆಯಿರಿ.

ಮೇಲ್ಮೈ ಬೆಳ್ಳಗಾಗಿದೆ

ಬೆಳ್ಳಗಾಗುವುದಕ್ಕೆ ಮೂರು ಕಾರಣ. ಒಂದಕ್ಕೆ ಮಾಡುವ ಔಷಧ ಇನ್ನೊಂದನ್ನು ಕೆಡಿಸುತ್ತದೆ. ಒದ್ದೆ ಬಟ್ಟೆಯ ತುದಿಯಿಂದ ಒಮ್ಮೆ ಒರೆಸಿ.

ಕರಗಿ ಮಾಯವಾಗಿ, ಒಣಗಿದ ಮೇಲೆ ಹರಳಿನಂತೆ ಮತ್ತೆ ಬಂದರೆ ಉಪ್ಪು. ಮುಂಬಯಿಯ ಹಡಗು ಒಡೆಯುವ ಬಡಾವಣೆ ದಾರೂಖಾನಾದಲ್ಲಿ ಸಿಗುವ ಹಡಗಿನ ಮರ, ಗೋವಾದ ಮೀನುದೋಣಿಯ ಹಲಗೆ, ದಡಕ್ಕೆ ಬಂದ ದಿಮ್ಮಿ ಇವೆಲ್ಲ ಉಪ್ಪು ಕುಡಿದವು. ಮಳೆಗಾಲದಲ್ಲಿ ಅವು ಬೆವರುತ್ತವೆ, ಸ್ಕ್ರೂ ತಿನ್ನುತ್ತವೆ, ಪಾಲಿಶ್ ಎಬ್ಬಿಸುತ್ತವೆ. ಮೇಲೆ ಏನು ಬಳಿದರೂ ಪ್ರಯೋಜನವಿಲ್ಲ. ಪಾಲಿಶ್ ತೆಗೆದು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಎರಡು ದಿನಕ್ಕೊಮ್ಮೆ ನೀರು ಬದಲಿಸಬೇಕು. ತೆಳು ಹಲಗೆಗೆ ಮೂರು-ನಾಲ್ಕು ವಾರ. ಆಮೇಲೆ ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸುವ ತಾಳ್ಮೆ ಇರಬೇಕು. ಇಲ್ಲದಿದ್ದರೆ ಈ ಮರ ಕೊಳ್ಳದಿರುವುದೇ ಲೇಸು. ಸಮುದ್ರದ ಪಕ್ಕದ ಮನೆಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿ.

ಬಟ್ಟೆಗೆ ಮೆತ್ತಿ, ಮುಗ್ಗು ವಾಸನೆ ಬಂದರೆ ಬೂಷ್ಟು. ಮಾಸ್ಕ್ ಹಾಕಿ ಹೊರಗೆ ಒಯ್ದು ಬ್ರಷ್ಷಿನಲ್ಲಿ ತೆಗೆಯಿರಿ, ಸ್ಪಿರಿಟಿನಿಂದ ಒರೆಸಿ. ಮುಂಬಯಿಯ ಹೊರಗೋಡೆಗಳು ಜುಲೈನಲ್ಲಿ ತೇವ ಕಾರುತ್ತವೆ. ಗೋಡೆಗೂ ಕೃತಿಗೂ 50 ಮಿ.ಮೀ. ಅಂತರ ಕೊಟ್ಟರೆ ಸಾಕಾಗುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ನೋಡುವುದನ್ನು ಮರೆಯಬೇಡಿ: ಮೆತ್ತಗೆ 5 ಮಿ.ಮೀ. ಇಳಿದರೆ ಅದು ಬರಿ ಬೂಷ್ಟಲ್ಲ, ಮರ ಕೊಳೆತಿದೆ.

ಒರೆಸಿದರೂ ಏನೂ ಬದಲಾಗದೆ, ಹೊಳಪಿನ ಪದರದೊಳಗೇ ಹಾಲು ಕದಡಿದಂತಿದ್ದರೆ ಪಾಲಿಶ್ ಬಿಳಿಚಿದೆ. ಸ್ಪಿರಿಟ್ ಹಾರುವಾಗ ಮೇಲ್ಮೈ ತಣ್ಣಗಾಗುತ್ತದೆ, ಮಳೆಗಾಲದ ಗಾಳಿಯ ನೀರು ಅದರ ಮೇಲೆ ಕೂತು ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ಎರಡು ದಿನ ಒಣ ಕೋಣೆಯಲ್ಲಿ ಬಿಡಿ, ತಾನಾಗಿ ಹೋಗುವುದುಂಟು. ಹೋಗದಿದ್ದರೆ ಚಪಡಾ (ಅರಗಿನ) ಪಾಲಿಶಿಗೆ ಸ್ಪಿರಿಟಿನ ನಾಲ್ಕು ಹನಿ ಹಾಕಿದ ಮೆತ್ತೆಯನ್ನು ಒಮ್ಮೆ ಸವರಿಸಿ. ಲ್ಯಾಕರ್ ಆದರೆ ಅದರ ನಿಧಾನ ಥಿನ್ನರನ್ನು ತೆಳುವಾಗಿ ಹೊಡೆಯಿರಿ. ಗಾಳಿಯ ತೇವದ ಮೀಟರು ಶೇ. 75 ದಾಟಿದ ದಿನ ಪಾಲಿಶ್ ಡಬ್ಬಿ ತೆರೆಯಲೇಬೇಡಿ.

ಕಪ್ಪು-ನೀಲಿ ಕಲೆ

ಮರದ ಒಗರು, ಕಬ್ಬಿಣ, ನೀರು ಮೂರೂ ಸೇರಿದರೆ ಶಾಯಿಯೇ. ಕಲೆಯ ನಡುವೆ ಅಯಸ್ಕಾಂತ ಅಂಟಿದರೆ ಮೊಳೆ ಒಳಗೇ ಇದೆ. ಅದನ್ನು ಕೊರೆದು ತೆಗೆಯದೆ ಕಲೆ ತೆಗೆದರೆ ಮೊದಲ ಮಳೆಗೆ ಮರಳಿ ಬರುತ್ತದೆ. ಒಂದು ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆ್ಯಸಿಡ್, ಪ್ಲಾಸ್ಟಿಕ್ ಪಾತ್ರೆಯಲ್ಲಿ. ಕಲೆಗಷ್ಟೇ ಬಳಿದರೆ ಅಲ್ಲಿ ತಿಳಿ ಮಚ್ಚೆ ಉಳಿಯುತ್ತದೆ, ಇಡೀ ಮುಖಕ್ಕೆ ಬಳಿಯಿರಿ. ಅರ್ಧ ಗಂಟೆ ಬಿಟ್ಟು ಎರಡು ಬಾರಿ ತೊಳೆಯಿರಿ. ಕಲೆ ಹೋಗದಿದ್ದರೆ ಅದು ಸುಟ್ಟದ್ದೋ ಶಿಲೀಂಧ್ರದ್ದೋ. ಈ ಆಮ್ಲ ವಿಷ: ಕೈಗವಸು, ಕನ್ನಡಕ ಇರಲಿ, ತೊಳೆಯದೆ ಒಣಗಿದ ಮೇಲ್ಮೈಯನ್ನು ಉಜ್ಜಬೇಡಿ, ಬಟ್ಟೆ ಬಿಳುಪಿನ ಕ್ಲೋರಿನ್ ದ್ರಾವಣದ ಜೊತೆ ಬೆರೆಸಿದರೆ ವಿಷಾನಿಲ ಏಳುತ್ತದೆ.

ಅಂಟಿಸಿದ ಜೋಡಣೆ ಬಾಯಿ ಬಿಟ್ಟಿದೆ

ಮತ್ತೆ ಅಂಟು ಸುರಿಯುವ ಮೊದಲು ಬಿಟ್ಟ ಎರಡೂ ಮುಖಗಳನ್ನು ಟಾರ್ಚಿನಲ್ಲಿ ನೋಡಿ, ತಪ್ಪು ಅಲ್ಲೇ ಬರೆದಿರುತ್ತದೆ. ಅಂಟೆಲ್ಲ ಒಂದೇ ಕಡೆ ಉಳಿದು ಇನ್ನೊಂದು ಮುಖ ಶುದ್ಧವಾಗಿದ್ದರೆ, ಆ ಮುಖದಲ್ಲಿ ಎಣ್ಣೆ, ಹಳೆ ಪಾಲಿಶ್ ಅಥವಾ ಮೇಣ ಇತ್ತು. ಎರಡೂ ಕಡೆ ಗಾಜಿನಂತೆ ನುಣುಪಾಗಿದ್ದರೆ ಅಂಟು ಚರ್ಮ ಕಟ್ಟಿದ ಮೇಲೆ ಒತ್ತಲಾಗಿದೆ, ಇಲ್ಲವೇ ಒತ್ತಡ ಮುಟ್ಟಿಲ್ಲ. ಮಳೆಗಾಲದಲ್ಲಿ ರಬ್ಬರಿನಂತಾಗಿದ್ದರೆ ಮಾಮೂಲಿ ಬಿಳಿ ಅಂಟು ನೀರಿಗೆ ಸೋತಿದೆ, ನೀರು ತಡೆಯುವ ಜಾತಿ ಬೇಕು. ಮರದ ನಾರೇ ಕಿತ್ತು ಬಂದಿದ್ದರೆ ಅಂಟಿನದು ತಪ್ಪಲ್ಲ: ಎಳೆಗೆ ಅಡ್ಡಲಾಗಿ ಜೋಡಿಸಿದ ಎರಡು ತುಂಡುಗಳ ಕುಗ್ಗು-ಉಬ್ಬು ಬೇರೆಬೇರೆ. ಅಂಥಲ್ಲಿ ನಡುವಿನ 40–50 ಮಿ.ಮೀ. ಮಾತ್ರ ಅಂಟಿಸಿ ಉಳಿದುದಕ್ಕೆ ಉದ್ದ ತೂತಿನ ಸ್ಕ್ರೂ ಕೊಡಿ.

ತೇಗಕ್ಕೆ ಕ್ರಮ ಹೀಗೆ: ಹಳೆ ಅಂಟನ್ನು ಉಳಿಯಿಂದ ಹೊಸ ಮರ ಕಾಣುವವರೆಗೆ ಕೆರೆಯಿರಿ, ಬಿಳಿ ಬಟ್ಟೆಗೆ ಹಳದಿ ಹತ್ತುವುದು ನಿಲ್ಲುವವರೆಗೆ ಅಸಿಟೋನಿನಿಂದ ಒರೆಸಿ, ಅರ್ಧ ಗಂಟೆಯೊಳಗೆ ಅಂಟಿಸಿ, ಮಳೆಗಾಲದಲ್ಲಿ ಕ್ಲ್ಯಾಂಪನ್ನು 24 ಗಂಟೆ ಬಿಡಿ. ಬಳುಕು ಮೈಮೇಲೆ ಕ್ಲ್ಯಾಂಪ್ ಜಾರುವುದರಿಂದ ತುಂಡುಗಳು ಚೌಕವಾಗಿರುವಾಗಲೇ ಅಂಟಿಸಿ, ಕೆತ್ತನೆ ಆಮೇಲೆ.

ಎಣ್ಣೆ ಅಥವಾ ಎಪಾಕ್ಸಿ ಒಣಗದೆ ಅಂಟುತ್ತಿದೆ

ಯಾವ ಎಣ್ಣೆ? ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಗಟ್ಟಿಯಾಗುವುದೇ ಇಲ್ಲ, ಧೂಳು ಹಿಡಿಯುತ್ತ ಕೂರುತ್ತವೆ. ಹಸಿ ಅಗಸೆ ಎಣ್ಣೆಗೆ ವಾರಗಟ್ಟಲೆ ಬೇಕು. ಸರಿಯಾದ ಎಣ್ಣೆಯೇ ಆಗಿದ್ದರೆ ಬಳಿದ 20 ನಿಮಿಷಕ್ಕೆ ಹೆಚ್ಚಿನದನ್ನು ಒರೆಸಲಿಲ್ಲ ಎಂದರ್ಥ. ಟರ್ಪೆಂಟೈನಿನಿಂದ ಒರೆಸಿ ಫ್ಯಾನಿನ ಕೆಳಗೆ ಒಂದು ವಾರ ಬಿಡಿ. ಬೀಟೆ, ತೇಗದ ಮೇಲೆ ಆಗಲೂ ಒಣಗದಿದ್ದರೆ ಆ ಮರಗಳ ಸ್ವಂತ ರಸವೇ ತಡೆಯುತ್ತಿದೆ. ಕೆರೆದು, ಮೇಣ ತೆಗೆದ ಚಪಡಾದ ಒಂದು ತೆಳು ಪದರ ಕೊಟ್ಟು ಮುಂದುವರಿಯಿರಿ. ಅಗಸೆ ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ ಮುಚ್ಚಿ.

ಎಪಾಕ್ಸಿ ಅಲ್ಲಲ್ಲಿ ಅಂಟಿದರೆ ಕಲಸಿದ್ದು ಸಾಲದು, ಎಲ್ಲೆಡೆ ಅಂಟಿದರೆ ಅಳತೆ ತಪ್ಪು. ತೂಕದ ಅನುಪಾತವೋ ಪರಿಮಾಣದ್ದೋ ಎಂದು ಡಬ್ಬಿ ನೋಡಿ. ಮೇಲೆ ಜಿಡ್ಡು ಮಾತ್ರ ಇದ್ದರೆ ಅದು ತೇವದ ದಿನದ ಲಕ್ಷಣ, ಬೆಚ್ಚನೆ ನೀರಲ್ಲಿ ತೊಳೆದರೆ ಹೋಗುತ್ತದೆ. ಗುಳ್ಳೆ ಬಂದರೆ ಅದು ಮರದ ಉಸಿರು: ಮೊದಲು ತೆಳುವಾಗಿ ಬಳಿದು ರಂಧ್ರ ಮುಚ್ಚಿ, ಬಿಸಿ ಇಳಿಯುವ ಸಂಜೆ ಹೊತ್ತು ಸುರಿಯಿರಿ.

ಗ್ರೈಂಡರ್ (ಡಿಸ್ಕ್ ತಿರುಗಿಸುವ ಕೈಯಂತ್ರ) ಸುಡುತ್ತದೆ, ಕುಣಿಯುತ್ತದೆ, ಒದೆಯುತ್ತದೆ

ಕಿಡಿ ಹಾರಿದ ಕ್ಷಣ ಸ್ವಿಚ್ ಆರಿಸಿ. ಒಳಗೆ ಮೊಳೆ ಇದೆ. ಆ ಕಿಡಿ ಮರದ ಹೊಟ್ಟಿನಲ್ಲಿ ಹೊಗೆಯಿಲ್ಲದೆ ಗಂಟೆಗಟ್ಟಲೆ ಕನಲಬಹುದು. ಹೊಟ್ಟನ್ನು ಗುಡಿಸಿ ಹೊರಗೆ ಹಾಕಿ, ಬೀಗ ಹಾಕುವ ಮುನ್ನ ಅರ್ಧ ಗಂಟೆ ಕಾಯಿರಿ.

ಕಪ್ಪು ಸುಟ್ಟ ಗೆರೆ ಬರುತ್ತಿದ್ದರೆ ಡಿಸ್ಕ್ ಮೊಂಡಾಗಿದೆ ಅಥವಾ ತೇಗದ ಎಣ್ಣೆ ತುಂಬಿಕೊಂಡಿದೆ, ಒತ್ತುವುದು ಪರಿಹಾರವಲ್ಲ. ಉಜ್ಜುವ ಡಿಸ್ಕಿನಲ್ಲಿ ಒರಟಿನಿಂದ ನಯಕ್ಕೆ 40, 80, 120 ಎಂದು ನಂಬರ್ ಬಿಡದೆ ಏರಿ. ಯಂತ್ರ ಕುಣಿದರೆ ಡಿಸ್ಕಿನ ನಡುತೂತು ನೋಡಿ: ಇಲ್ಲಿನ 100 ಮಿ.ಮೀ. ಗ್ರೈಂಡರಿಗೆ 16 ಮಿ.ಮೀ. ತೂತು ಬೇಕು, 22ರದ್ದು ಕೂರಿಸಿದರೆ ನಡು ತಪ್ಪುತ್ತದೆ. ಡಿಸ್ಕಿನ ಮೇಲೆ ಬರೆದ ಸುತ್ತು ಯಂತ್ರದ ಸುತ್ತಿಗಿಂತ ಹೆಚ್ಚಿರಲೇಬೇಕು. ಒಳತಿರುವಿನಲ್ಲಿ ಎರಡೂ ಬದಿ ಒಟ್ಟಿಗೆ ತಾಗಿದರೆ ಕೆತ್ತನೆ ಡಿಸ್ಕ್ ಮುಖದ ಕಡೆಗೇ ಒದೆಯುತ್ತದೆ. ಅಂಥ ಜಾಗವನ್ನು ಗೂಜಿಗೆ (ಬಾಗಿದ ಅಲಗಿನ ಉಳಿ), ಬಾಗಿದ ಅರಕ್ಕೆ ಬಿಟ್ಟುಬಿಡಿ. ಗಾರ್ಡ್ ತೆಗೆದು, ಒಂದೇ ಕೈಯಲ್ಲಿ ಹಿಡಿದು ಕೆಲಸ ಮಾಡುವ ವೀಡಿಯೊಗಳಿಗೆ ಬರವಿಲ್ಲ, ಕಲಿಯಬೇಕಾದ್ದು ಅದಲ್ಲ. ಮಳೆಗಾಲದಲ್ಲಿ ಯಂತ್ರ ಹಚ್ಚಿದಾಗೆಲ್ಲ ಇ.ಎಲ್.ಸಿ.ಬಿ. (ವಿದ್ಯುತ್ ಸೋರಿದರೆ ತಾನೇ ಆರುವ ಸ್ವಿಚ್) ಬಿದ್ದರೆ ಅದನ್ನು ತಪ್ಪಿಸಿ ಜೋಡಿಸಬೇಡಿ, ಯಂತ್ರದಲ್ಲಿ ವಿದ್ಯುತ್ ಸೋರಿಕೆ ಇದೆ.

ಕೆಲಸವನ್ನೇ ನಿಲ್ಲಿಸಬೇಕಾದ ಲಕ್ಷಣಗಳು

ಡಾಂಬರಿನ ವಾಸನೆ, ಬಿಸಿಲಿಗೆ ಕಪ್ಪು ಜಿನುಗು: ಕ್ರಿಯೋಸೋಟ್ ಎಂಬ ಡಾಂಬರೆಣ್ಣೆ ಕುಡಿಸಿದ ರೈಲ್ವೆ ಸ್ಲೀಪರ್ (ಹಳಿಯಡಿಯ ದಿಮ್ಮಿ). ಮನೆಯೊಳಗಿನ ಕೃತಿಗೆ ಇದು ಬೇಡ, ಉಜ್ಜಲೂಬಾರದು, ಸುಡಲೂಬಾರದು.

ಹಳೆ ಬಾಗಿಲಿನ ಪದರ ಪದರ ಬಣ್ಣ: ಮನೆಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇದೆ ಎಂದೇ ಹಿಡಿಯಿರಿ. ಯಂತ್ರದಲ್ಲಿ ಉಜ್ಜಬೇಡಿ, ಹೀಟ್ ಗನ್ನಿನಲ್ಲಿ ಸುಡಬೇಡಿ. ನೀರು ಚಿಮುಕಿಸುತ್ತ ಕೆರೆದು, ಕೆರೆದದ್ದನ್ನು ಚೀಲದಲ್ಲಿ ಕಟ್ಟಿ. ಮಕ್ಕಳು, ಬಸುರಿಯರು ಹತ್ತಿರ ಇರಬಾರದು. ಬಣ್ಣವಿಲ್ಲದ ಮರದ ಧೂಳೂ ನಿರಪಾಯವಲ್ಲ, ಅದು ಮೂಗಿನ ಕ್ಯಾನ್ಸರಿಗೆ ಕಾರಣ ಎಂದು ಸಾಬೀತಾದದ್ದು. ಸಣ್ಣ ಧೂಳು ತಡೆಯುವ ಎಫ್.ಎಫ್.ಪಿ.2 ದರ್ಜೆಯ ಮಾಸ್ಕ್ ಸದಾ ಇರಲಿ. ಬೀಟೆ ಅಥವಾ ತೇಗ ಉಜ್ಜಿದ ರಾತ್ರಿ ಉಬ್ಬಸ ಬಂದರೆ ಮಾಸ್ಕ್ ಬದಲಿಸಿ ಮುಂದುವರಿಯುವುದಲ್ಲ, ವೈದ್ಯರ ಹತ್ತಿರ ಹೋಗುವುದು.

ಕೊನೆಗೆ, ತಲೆಯ ಮೇಲೆ ತೂಗುವ ಕೃತಿಯಲ್ಲಿ ಬಿರುಕು ಕಂಡು ಪೆನ್ಸಿಲ್ ಗೆರೆ ದಾಟಿದ್ದರೆ, ಅಥವಾ ಕೊಕ್ಕೆಯ ಸುತ್ತ ಸ್ಕ್ರೂಡ್ರೈವರ್ ಮೆತ್ತಗೆ ಇಳಿದರೆ, ಮೊದಲು ಕೆಳಗಿಳಿಸಿ. ಪರೀಕ್ಷೆ ನೆಲದ ಮೇಲೆ ಮಾಡಬಹುದು. 15 ಕಿಲೋ ಮೀರಿದ್ದನ್ನು ಮತ್ತೆ ಏರಿಸುವಾಗ ಕೊಕ್ಕೆ ಕಾಂಕ್ರೀಟಿಗೆ ಸಿಕ್ಕಿದೆಯೇ, ಬರಿ ಪಿ.ಓ.ಪಿ. ಚಾವಣಿಗೆ ಸಿಕ್ಕಿದೆಯೇ ಎಂಬುದನ್ನು ಬಡಗಿ ಹೇಳಿದರೆ ಸಾಲದು; ಕಟ್ಟಡ ಬಲ್ಲ ಎಂಜಿನಿಯರಿಗೆ ತೋರಿಸಿ, ಮರದ ಕಡೆ ಸ್ಕ್ರೂ ಬದಲು ಆಚೆಯಿಂದ ವಾಷರ್ ಕೊಟ್ಟ ಬೋಲ್ಟ್ ಹಾಕಿಸಿ.